ಆರನೆಯ ರೆಕಾರ್ಡಿನ ಕೊನೆ

"ಗುರುಗಳೇ, ಒಬ್ಬ ಜಾಜ್ ಫ್ಯೂಷನ್ ವಾದಕ ನನಗೆ ಹೊಸದಾಗಿ ಸಿಕ್ಕಿದ್ದಾನೆ. ಇಪ್ಪತ್ತೆರಡು ಆಲ್ಬಮ್ ಮಾಡಿದ್ದಾನೆ. ಯಾವುದನ್ನು ಕೇಳಲಿ, ಯಾವುದನ್ನು ಬಿಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಪಿಟೀಲಿನ ತಂತಿ ಬಿಗಿಯುತ್ತಿದ್ದರು. "ಈಗ ಹೇಗೆ ಆರಿಸುತ್ತಿದ್ದೀಯೆ?"

"ಒಂದೊಂದನ್ನೂ ಫೋನಿನಲ್ಲಿ ಅರ್ಧ ನಿಮಿಷ ಕೇಳುತ್ತೇನೆ. ಹಿಡಿಸದಿದ್ದರೆ ಮುಂದಕ್ಕೆ ಹೋಗುತ್ತೇನೆ."

"ಹೋದ ತಿಂಗಳು ನಾನು ತೋಡಿ ನುಡಿಸಿ ನಿನಗೆ ಕಳಿಸಿದ್ದೆನಲ್ಲ, ಕೇಳಿದೆಯಾ?"

"ಪೂರ್ತಿ ಕೇಳಿದೆ ಗುರುಗಳೇ. ತುಂಬ ಚೆನ್ನಾಗಿದೆ."

ಗುರುಗಳು ಪಿಟೀಲನ್ನು ಕೆಳಗಿಟ್ಟರು. "ಹಾಗಾದರೆ ಒಂದು ಕತೆಯನ್ನೂ ಕೇಳು. ಇದು ಅರ್ಧ ನಿಮಿಷಕ್ಕೆ ಮುಗಿಯುವುದಿಲ್ಲ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ತಂದೆಯ ಕಾಲದಿಂದ ಬಂದ ಮಂಡಿ. ಅಕ್ಕಿ ವ್ಯಾಪಾರಿಗಳು ಮೂಟೆ ಬಿಚ್ಚಿ ನೋಡುವುದಿಲ್ಲ. ತುದಿ ಚೂಪಾದ ಕಬ್ಬಿಣದ ಕೊಳವೆಯೊಂದನ್ನು ಮೂಟೆಗೆ ಚುಚ್ಚುತ್ತಾರೆ. ಅಂಗೈಗೆ ಒಂದು ಹಿಡಿ ಅಕ್ಕಿ ಬೀಳುತ್ತದೆ. ಅದನ್ನು ನೋಡಿ ಇಡೀ ಮೂಟೆಯ ಯೋಗ್ಯತೆ ಹೇಳುತ್ತಾರೆ. ಈ ವ್ಯಾಪಾರಿಯ ಕೈ ಅದರಲ್ಲಿ ಪಳಗಿತ್ತು. ಅವನು ಚುಚ್ಚಿ ಹೇಳಿದ ಮಾತು ಒಮ್ಮೆಯೂ ತಪ್ಪಿರಲಿಲ್ಲ. ತಪ್ಪದೆ ಇದ್ದದ್ದೇ ಅವನಿಗೆ ಮುಳುವಾಯಿತು.

ಒಮ್ಮೆ ಸ್ನೇಹಿತನ ಮನೆಯಲ್ಲಿ ಅವನು ಒಂದು ರೆಕಾರ್ಡು ಕೇಳಿದ. ಯಾರೋ ಸ್ಯಾಕ್ಸೊಫೋನ್ ಊದುತ್ತಿದ್ದರು. ಹಿಂದೆ ಡ್ರಮ್ಮು, ಗಿಟಾರು, ಘಟ. ರಾಗ ನಮ್ಮದು, ನಡೆ ಜಾಜಿನದು. ವ್ಯಾಪಾರಿಯ ಕಣ್ಣು ತುಂಬಿತು. ವಿಚಾರಿಸಿದಾಗ ತಿಳಿಯಿತು: ಊದಿದವನು ಪರದೇಶದಲ್ಲಿ ಹೆಸರು ಮಾಡಿದ ವಾದಕ, ಆದರೆ ಹುಟ್ಟಿದ್ದು ಇದೇ ಊರಿನಲ್ಲಿ. ವ್ಯಾಪಾರಿಯ ತಂದೆಯ ಕಾಲದಲ್ಲಿ ಮಂಡಿಯಲ್ಲಿ ಅಕ್ಕಿ ಅಳೆಯುತ್ತಿದ್ದ ಚೌಡಪ್ಪನ ಮಗ.

ವ್ಯಾಪಾರಿ ಅವನ ಹನ್ನೊಂದು ರೆಕಾರ್ಡುಗಳನ್ನೂ ತರಿಸಿದ. ಯಾವುದನ್ನು ಕೇಳುವುದು? ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಗ್ರಾಮಫೋನಿನ ಮುಳ್ಳನ್ನು ರೆಕಾರ್ಡಿನ ನಡುವೆ ಇಟ್ಟ. ಅರ್ಧ ನಿಮಿಷ ಕೇಳಿದ. ಎತ್ತಿದ. ಮೂಟೆಗೆ ಚುಚ್ಚಿದ ಹಾಗೆ ಹನ್ನೊಂದಕ್ಕೂ ಚುಚ್ಚಿದ. ಮೂರು ಸಣ್ಣಕ್ಕಿ, ಎಂಟು ನುಚ್ಚು ಎಂದು ತೀರ್ಮಾನಿಸಿದ. ನುಚ್ಚನ್ನು ಬೀರುವಿನ ಮೇಲಿನ ಅರೆಗೆ ಏರಿಸಿದ. ಮೂರನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ. ಊರಿಗೆ ದೊಡ್ಡ ರಸಿಕನಾದ. ಯಾರೇ ಕೇಳಲಿ, ಹನ್ನೊಂದನ್ನೂ ಕೇಳಿದ್ದೇನೆ, ಮೂರು ಬಿಟ್ಟರೆ ಮಿಕ್ಕದ್ದರಲ್ಲಿ ಹುರುಳಿಲ್ಲ ಎನ್ನುತ್ತಿದ್ದ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಒಂಬತ್ತು ವರ್ಷ ಕಳೆಯಿತು. ಒಂದು ಬೆಳಗ್ಗೆ ತಲೆ ನರೆತ ಒಬ್ಬ ಮನುಷ್ಯ ಮಂಡಿಯ ಮುಂದೆ ಬಂದು ಚಪ್ಪಲಿ ಬಿಟ್ಟ. ಅವನೇ ಆ ವಾದಕ. ವ್ಯಾಪಾರಿ ಗಡಿಬಿಡಿಯಿಂದ ಎದ್ದು ಅವನನ್ನು ಮನೆಗೆ ಕರೆದೊಯ್ದ. ಕಾಫಿ ಬಂತು.

"ನನ್ನ ಹನ್ನೊಂದೂ ಕೇಳಿದೀರಂತೆ ಸಾಹುಕಾರ್ರೇ. ನನ್ನ ಸ್ವಂತ ತಂಗೀನೇ ಅಷ್ಟು ಕೇಳಿಲ್ಲ" ಎಂದು ವಾದಕ ನಕ್ಕ.

"ಒಂದೂ ಬಿಟ್ಟಿಲ್ಲ" ಎಂದ ವ್ಯಾಪಾರಿ.

ವಾದಕನ ಮುಖ ಅರಳಿತು. "ಹಾಗಾದ್ರೆ ನೀವೇ ಹೇಳ್ಬೇಕು. ಅದಕ್ಕೇ ಬಂದೆ. ಆರನೇದರ ಕೊನೇಲಿ ನಮ್ಮಪ್ಪ ಅಕ್ಕಿ ಅಳೀತಾರಲ್ಲ, ಅದು ನಾನು ಊರು ಬಿಡೋ ಹಿಂದಿನ ದಿನ ನಿಮ್ಮ ಮಂಡೀಲಿ ಟೇಪಿಗೆ ಹಿಡಿದದ್ದು. ನಡುವೆ ನಿಮ್ಮ ತಂದೆ ಯಾರನ್ನೋ ಹೆಸರು ಹಿಡಿದು ಕರೀತಾರೆ. ಆ ಕರೆಯನ್ನೇ ನಾನು ಮುಗಿಯೋವರೆಗೂ ಊದಿದೀನಿ. ನಾನು ಟೇಪಿನ ಮೇಲೆ ಬಗ್ಗಿದ್ದೆ, ಯಾರು ಬಂದ್ರು ಅಂತ ನೋಡ್ಲಿಲ್ಲ; ಅದು ಯಾರ ಹೆಸರು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ. ಯಾರು ಸಾಹುಕಾರ್ರೇ ಅದು?"

ವ್ಯಾಪಾರಿ ಕಾಫಿ ಲೋಟವನ್ನು ಕೆಳಗಿಟ್ಟ. ತಂದೆ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಗೋಡೆಯ ಮೇಲೆ ಅವರ ಪಟವಿತ್ತು. ದನಿ ಎಲ್ಲಿಯೂ ಉಳಿದಿಲ್ಲ ಎಂದೇ ಅವನು ತಿಳಿದಿದ್ದ. ಆಗಲಾದರೂ ನಿಜ ಹೇಳಬಹುದಿತ್ತು.

"ಯಾರೋ ಮಂಡಿ ಆಳು ಇರ್ಬೇಕು" ಎಂದ.

ವಾದಕ ಬೀರುವಿನ ಕಡೆ ನೋಡಿದ. ಎದ್ದು ಹೋಗಿ ಮೇಲಿನ ಅರೆಯಿಂದ ಆರನೆಯ ರೆಕಾರ್ಡನ್ನು ತೆಗೆದ. ಹೊದಿಕೆಯಿಂದ ಎಳೆದು ಬೆಳಕಿಗೆ ಹಿಡಿದ. ಅದು ಅಂಗಡಿಯಿಂದ ಆಗ ತಾನೇ ತಂದದ್ದರಂತೆ ಹೊಳೆಯುತ್ತಿತ್ತು. ನಟ್ಟನಡುವೆ ಮಾತ್ರ ಮುಳ್ಳು ಊರಿದ ಒಂದು ಗೀರು. ವಾದಕ ಅದನ್ನು ನೋಡಿದ. ಅವನು ನೋಡಿದ್ದನ್ನು ವ್ಯಾಪಾರಿ ನೋಡಿದ.

ವಾದಕ ರೆಕಾರ್ಡನ್ನು ಹೊದಿಕೆಗೆ ಸೇರಿಸಿದ. ಹೊದಿಕೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಇದ್ದಲ್ಲಿಯೇ ಇಟ್ಟ. ಕಾಫಿ ಚೆನ್ನಾಗಿತ್ತು, ಮಧ್ಯಾಹ್ನದ ಗಾಡಿಗೆ ಹೊರಡಬೇಕು ಎಂದು ಕೈ ಮುಗಿದು ಹೋದ. ಎರಡು ಬೈಗುಳ ಬೈದು ಹೋಗಿದ್ದರೆ ವ್ಯಾಪಾರಿ ಬದುಕಿಕೊಳ್ಳುತ್ತಿದ್ದ.

ಅವನು ಬಾಗಿಲು ಹಾಕಿಕೊಂಡು ಆರನೆಯದನ್ನು ಹಾಕಿದ. ಈ ಸಲ ಮುಳ್ಳನ್ನು ಅಂಚಿನಲ್ಲಿಟ್ಟ. ಪೂರ್ತಿ ಕುಳಿತು ಕೇಳಿದ. ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು, ಕೊಳಗ ಅಕ್ಕಿಯೊಳಗೆ ಇಳಿಯುವ ಸದ್ದು ಬಂತು. ಹಿಂದೆಯೇ ಚೌಡಪ್ಪನ ಎಣಿಕೆ. ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭ... ಎರಡು... ಮೂರು..." ಅದರ ನಡುವೆ ತಂದೆಯ ದನಿ. "ಪಾಪಣ್ಣೀ, ಬಾರೋ ಇಲ್ಲಿ. ಮುಂದಿಂದು ನೀನು ಎಣಿಸು."

ಪಾಪಣ್ಣಿ ಎಂದರೆ ವ್ಯಾಪಾರಿಯೇ. ಹಾಗೆ ಕರೆಯುತ್ತಿದ್ದವರು ತಂದೆ ಒಬ್ಬರೇ. ಅವರು ಹೋದ ಮೇಲೆ ಆ ಹೆಸರೂ ಹೋಗಿತ್ತು. ಈಗ ಸ್ಯಾಕ್ಸೊಫೋನ್ ಆ ಕರೆಯನ್ನು ಎತ್ತಿಕೊಂಡು ಮತ್ತೆ ಮತ್ತೆ ಕರೆಯಿತು. ಒಂಬತ್ತು ವರ್ಷದಿಂದ ತಂದೆ ಅವನದೇ ಬೀರುವಿನಲ್ಲಿ ಕುಳಿತು ಅವನನ್ನು ಕರೆಯುತ್ತಿದ್ದರು. ಅವನು ಅದನ್ನು ನುಚ್ಚು ಎಂದಿದ್ದ. ಯಾರೂ ಇಲ್ಲದ ಕೋಣೆಯಲ್ಲಿಯೂ ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗೋಡೆಯ ಪಟದ ಕಡೆ ನೋಡಲಾಗಲಿಲ್ಲ.

ರೈಲು ನಿಲ್ದಾಣಕ್ಕೆ ಓಡಿದ. ಗಾಡಿ ಹೊರಟುಹೋಗಿತ್ತು. ಕಾಗದ ಬರೆಯಲು ಕುಳಿತ. ಆ ಪಾಪಣ್ಣಿ ನಾನೇ ಎಂದು ಬರೆದರೆ, ನಾನು ಕೇಳಿರಲಿಲ್ಲ ಎಂದೂ ಬರೆಯಬೇಕಾಗಿತ್ತು. ದಿನಕ್ಕೊಂದು ನೆಪ ಹೇಳಿಕೊಂಡು ಅವನು ಆ ಕಾಗದವನ್ನು ಬರೆಯಲೇ ಇಲ್ಲ. ಮುಂದಿನ ವರ್ಷ ವಾದಕ ಪರದೇಶದಲ್ಲಿ ತೀರಿಕೊಂಡ ಸುದ್ದಿ ಬಂತು. ಅದು ಯಾರ ಹೆಸರು ಎಂಬುದು ಅವನಿಗೆ ತಿಳಿಯಲೇ ಇಲ್ಲ.

ಗುರುಗಳು ಕತೆ ಮುಗಿಸಿದರು.

"ಹಾಗಾದರೆ ಇಪ್ಪತ್ತೆರಡನ್ನೂ ಕೊನೆಯವರೆಗೆ ಕೇಳಬೇಕು ಎನ್ನುತ್ತೀರಾ ಗುರುಗಳೇ?"

ಗುರುಗಳು ಪಿಟೀಲನ್ನು ಕೈಗೆತ್ತಿಕೊಂಡರು.

"ನಾನು ಕಳಿಸಿದ ತೋಡಿಯ ಕೊನೆಯಲ್ಲಿ ನಿನಗೊಂದು ಮಾತು ಹೇಳಿದ್ದೆನಲ್ಲ, ಏನದು?"