ಆಪರೇಷನ್ ನೋಡುವ ಮಂಗ್ಳಿ

ಮಂಗ್ಳಿಗೆ ಒಂದು ಅಭ್ಯಾಸ. ಟಿವಿಯಲ್ಲಿ ಡಾಕ್ಟರು ಹೊಟ್ಟೆಗೆ ಚಾಕು ಇಟ್ಟ ಕೂಡಲೇ ಬಾಯಲ್ಲಿದ್ದ ತುತ್ತನ್ನು ಕೆನ್ನೆಯೊಳಗೇ ನಿಲ್ಲಿಸಿಬಿಡುತ್ತಾಳೆ. ಹೊಲಿಗೆ ಬಿದ್ದ ಮೇಲೆಯೇ ನುಂಗುವುದು. ಆ ಮಂಗ್ಳಿ ಯಾರು ಅಂತೀರಾ? ನಾನೇ! ದಾವಣಗೆರೆಯಲ್ಲಿ ಹುಟ್ಟಿ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಎರಡೂ ಭಾಷೆಯಲ್ಲಿ ಬಾಯಿ ಬಿಡಲು ನಾಚುವ ಪೆದ್ದಿ.

ಅಮ್ಮನದು ಧಾರಾವಾಹಿ, ನನ್ನದು ಆಪರೇಷನ್. ಅವಳದರಲ್ಲಿ ಅತ್ತೆ ಎತ್ತಿದ ಕೈ ಸೊಸೆಯ ಕೆನ್ನೆ ಮುಟ್ಟಲು ವಾರ ಹಿಡಿಯುತ್ತದೆ. ನನ್ನದರಲ್ಲಿ ಅಷ್ಟರೊಳಗೆ ಕಿಡ್ನಿಯೇ ಬದಲಾಗಿರುತ್ತದೆ. ಮೇಲಾಗಿ ನನ್ನ ರೋಗಿಗಳಿಗೆ ಎಚ್ಚರ ಇರುವುದಿಲ್ಲ. 'ಮದುವೆ ಯಾವಾಗಮ್ಮ?' ಎಂದು ಕೇಳುವುದಿಲ್ಲ.

ಈಗ ನೋಡಿದರೆ ಅಮ್ಮನ ಪಿತ್ತಕೋಶದಲ್ಲೇ ಕಲ್ಲು. ಆಪರೇಷನ್ ಆಗಲೇಬೇಕು. ಅಮ್ಮ ಟಿವಿ ಆರಿಸಿ ನನ್ನೆದುರು ಬಂದು ಕೂತಳು.

"ಮಂಗ್ಳೀ, ಆವತ್ತು ನನ್ನ ಪಕ್ಕ ಇರೋಳು ನೀನೊಬ್ಳೇ. ಅಷ್ಟರಲ್ಲಿ ನಾಲ್ಕು ಜನರ ಹತ್ರ ಮಾತಾಡೋದು ಕಲಿಯೇ! ನನಗೊಂದು ಧೈರ್ಯದ ಮಾತು ಹೇಳೋಕಾದ್ರೂ ಬರಲಿ!"

"ಏನು ಮಾತಾಡ್ಲಮ್ಮ?"

"ನಿನಗೆ ಗೊತ್ತಿರೋದನ್ನೇ ಮಾತಾಡೇ!"

ಆಯ್ತಮ್ಮ ಅಂದೆ. ಪಂಚಾಕ್ಷರಿ ಮಾವ ಊಟಕ್ಕೆ ಬಂದರು. ತಟ್ಟೆ ತುಂಬ ಹಾಲು ಹಾಕಿದ ಶಾವಿಗೆ. ಧೈರ್ಯ ತಂದುಕೊಂಡು ಬಾಯಿಬಿಟ್ಟೆ.

"ಮಾವ, ನಮ್ಮ ಸಣ್ಣ ಕರುಳು ಬಿಚ್ಚಿ ಹಾಸಿದ್ರೆ ಈ ಹಜಾರ ಸಾಕಾಗಲ್ಲ. ನೋಡೋಕೆ ಮಾತ್ರ ಥೇಟ್ ಇದೇ ಥರ, ಹಾಲಿನಲ್ಲಿ ನೆನೆದ ಹಾಗೆ!"

ಮಾವ ತಟ್ಟೆಯನ್ನೇ ನೋಡಿದರು. ಎದ್ದು ಹಿತ್ತಲಿಗೆ ಓಡಿದರು.

"ಅಯ್ಯೋ ನನ್ನ ಪೆದ್ದೀ! ಬಂದೋರ ಹತ್ರ 'ತುಂಬಾ ಚೆನ್ನಾಗಿದೆ, ಸಂಕೋಚ ಬೇಡ, ಇನ್ನೊಂಚೂರು ಹಾಕಿಸ್ಕೊಳ್ಳಿ' ಅನ್ನಬೇಕು ಕಣೇ!"

ಆಯ್ತಮ್ಮ ಅಂದೆ. ಪಕ್ಕದ ಮನೆಯ ಗುರುಸಿದ್ದಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ನೋಡಲು ಹೋದೆವು. ಕಾಲಿಗೆ ಮಂಡಿಯವರೆಗೆ ಪ್ಲಾಸ್ಟರು.

"ತುಂಬಾ ಚೆನ್ನಾಗಿದೆ ಆಂಟಿ! ಸಂಕೋಚ ಬೇಡ, ಇನ್ನೊಂಚೂರು ಹಾಕಿಸ್ಕೊಳ್ಳಿ!"

"ಎಲ್ಲಿಗೆ, ಕುತ್ತಿಗೆಗಾ?" ಅಂದರು ಗುರುಸಿದ್ದಮ್ಮ.

"ಅಯ್ಯೋ ನನ್ನ ಪೆದ್ದೀ! ನೋವಿರೋ ಮನೇಲಿ ಕೈ ಹಿಡ್ಕೊಂಡು, 'ಹೆದರಬೇಡಿ, ಇಂದೋ ನಾಳೆಯೋ ಎದ್ದು ಓಡಾಡ್ತೀರಿ' ಅನ್ನಬೇಕು ಕಣೇ!"

ಆಯ್ತಮ್ಮ ಅಂದೆ. ನಮ್ಮ ಬೀದಿಯ ಮುರುಗೇಂದ್ರಜ್ಜ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೊರಗಿಸಿ ಕೂರಿಸುತ್ತೇವೆ. ಅಜ್ಜ ಮದುಮಗನ ಹಾಗೆ ಕೂತಿದ್ದರು. ನೇರ ಹೋದೆ. ತಣ್ಣಗಿನ ಕೈ ಹಿಡಿದುಕೊಂಡೆ.

"ಹೆದರಬೇಡಿ ಅಜ್ಜ! ಇಂದೋ ನಾಳೆಯೋ ಎದ್ದು ಓಡಾಡ್ತೀರಿ!"

ಭಜನೆಯ ತಾಳ ನಿಂತಿತು. ಹಿರಿಸೊಸೆ ಅಳು ಮರೆತು, ಸೊಂಟಕ್ಕೆ ಆಗಷ್ಟೇ ಸಿಕ್ಕಿಸಿಕೊಂಡಿದ್ದ ಅಜ್ಜನ ಬೀರುವಿನ ಕೀಲಿಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಮ್ಮ ನನ್ನನ್ನು ದರದರ ಎಳೆದುಕೊಂಡು ಬಂದಳು. "ಅಯ್ಯೋ ನನ್ನ ಪೆದ್ದೀ! ನಿನಗೆ ಮಾತೇ ಬೇಡ! ಜನ ಸೇರಿರೋ ಕಡೆ, ಯಾರಾದ್ರೂ ಕಣ್ಣೀರು ಹಾಕ್ತಿದ್ರೆ, ತುಟಿ ಪಿಟಕ್ ಅನ್ನಬಾರದು! ಯಾರು ಏನೇ ಕೇಳ್ಲಿ!"

ಆಯ್ತಮ್ಮ ಅಂದೆ. ಇದು ಸುಲಭ. ಇದೊಂದನ್ನು ನಾನು ಕೆಡಿಸಲಾರೆ ಅನ್ನಿಸಿತು.

ಆಪರೇಷನ್ ದಿನ ಬಂತು. ಹಸಿರು ಗೌನು ತೊಟ್ಟು ಅಮ್ಮ ಸ್ಟ್ರೆಚರ್ ಮೇಲೆ. ಈ ಆಪರೇಷನ್ನಂತೂ ನನಗೆ ಬಾಯಿಪಾಠ. ಸಣ್ಣ ಸಣ್ಣ ತೂತು, ಒಂದು ಕ್ಯಾಮೆರಾ, ಅಷ್ಟೇ. ಮಾರನೇ ದಿನ ಹೆಂಗಸರು ಎದ್ದು ಕೂತು, ಕಾಫಿಗೆ ಸಕ್ಕರೆ ಸಾಲದು ಅಂತ ಜಗಳ ತೆಗೆಯುತ್ತಾರೆ. ಎಲ್ಲ ನಾಲಿಗೆಯ ತುದಿಯಲ್ಲಿತ್ತು.

ಆದರೆ ಸುತ್ತ ನೋಡಿದೆ. ನರ್ಸು, ವಾರ್ಡ್‌ಬಾಯ್, ಬೇರೆ ರೋಗಿಗಳ ಕಡೆಯವರು. ಜನ! ಅಮ್ಮನನ್ನು ನೋಡಿದೆ. ಕಣ್ಣೀರು!

ತುಟಿ ಬಿಗಿದೆ.

"ಮಂಗ್ಳೀ, ಇದನ್ನ ಟಿವೀಲಿ ನೋಡಿದೀಯ ತಾನೇ?"

ಸುಮ್ಮನಿದ್ದೆ.

"ಮಾಡಿಸ್ಕೊಂಡೋರು ಎದ್ದು ಕೂರ್ತಾರೇನೇ?"

ಬಾಯಿ ಎಲ್ಲಿ ಜಾರುವುದೋ ಎಂದು ಅಂಗೈ ಅಡ್ಡ ಹಿಡಿದೆ. ನರ್ಸಮ್ಮ ಅದನ್ನು ಅಳು ಅಂದುಕೊಂಡು ನನ್ನ ಬೆನ್ನು ಸವರಿದರು. ಅಮ್ಮನೂ ಅಳು ಅಂದುಕೊಂಡಳು. ಅವಳ ಮುಖ ಬಿಳುಚಿತು. ಥಿಯೇಟರಿನ ಬಾಗಿಲು ತೆರೆದು, ಸ್ಟ್ರೆಚರ್ ಉರುಳತೊಡಗಿತು. ಅಮ್ಮ ತಲೆಯೆತ್ತಿ ಕೂಗಿದಳು:

"ಮಂಗ್ಳೀ! ನಿನಗೆ ಕೈ ಮುಗೀತೀನಿ, ಒಂದೇ ಒಂದು ಮಾತು ಹೇಳೇ!"