ಎಲೆಗಂಟಿದ ಹೋಳಿಗೆ

ಹೊಳೆದಂಡೆಯ ಆಶ್ರಮದಲ್ಲೊಂದು ಆಸ್ಪತ್ರೆ. ಅಲ್ಲಿ ಹೊಟ್ಟೆಯ ಆಪರೇಷನ್ ಮಾಡುತ್ತಿದ್ದ ಡಾಕ್ಟರ್ ಸುಭದ್ರಮ್ಮನವರ ಬಾಯಿ ಜೋರು, ಕೈ ಮೆತ್ತಗೆ. ಅವರ ಕೈಕೆಳಗೆ ಕಲಿಯುತ್ತಿದ್ದ ಕಿರಿಯ ಡಾಕ್ಟರ್, ಶಿಷ್ಯೆ ಮಂದಾಕಿನಿಗೆ ಅವರೆಂದರೆ ಪ್ರಾಣ.

ಅವತ್ತು ಸಾಕಮ್ಮ ಎಂಬಾಕೆಯ ಸರದಿ. ಹಳೆಯ ಆಪರೇಷನ್ನಿನ ಗಾಯ ಒಳಗೆ ಮಾಯುವಾಗ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡು ದಾರಿ ಕಟ್ಟಿಬಿಟ್ಟಿತ್ತು. ಗುಟುಕು ನೀರೂ ಒಳಗೆ ನಿಲ್ಲುತ್ತಿರಲಿಲ್ಲ.

“ನಾನು ಮಾಡಲ್ಲಮ್ಮ,” ಎಂದಳು ಮಂದಾಕಿನಿ. “ಹೋದ ಸಲ ಹೀಗೇ ಅಂಟಿದ್ದನ್ನ ಬಿಡಿಸೋಕೆ ಹೋಗಿ ಕರುಳೇ ಹರಿದೆ. ನೀವು ಹೊಲಿಯದಿದ್ದರೆ ಆ ಮನುಷ್ಯ ಉಳೀತಿರಲಿಲ್ಲ.”

“ಯಾತರಲ್ಲಿ ಹರಿದೆ?”

“ಬೆರಳಲ್ಲಿ. ಕತ್ತರಿ ಹಾಕೋಕೆ ಭಯ ಆಯ್ತು.”

ಸುಭದ್ರಮ್ಮ ಅವಳನ್ನು ಅಡುಗೆಮನೆಗೆ ಕರೆದೊಯ್ದರು. ಬಾಳೆಲೆಯ ಮೇಲೆ ತಟ್ಟಿದ ಹೋಳಿಗೆಗಳು ಎಲೆಗೇ ಅಂಟಿ ಕೂತಿದ್ದವು.

“ಒಂದನ್ನ ಬಿಡಿಸು.”

ಮಂದಾಕಿನಿ ಬೆರಳಿನಿಂದ ಮೆಲ್ಲಗೆ ಎಳೆದಳು. ಹೋಳಿಗೆ ಹರಿದು ಹೂರಣ ಹೊರಬಂತು. ಅವಳ ಕಣ್ಣು ತುಂಬಿತು.

“ಅಳಬೇಡ, ಕತ್ತೆ. ಎಳೆದರೆ ಎಲ್ಲಿ ತೆಳುವೋ ಅಲ್ಲೇ ಹರಿಯೋದು. ಕತ್ತರಿಯಾದರೆ ನೀನು ಹೇಳಿದ ಕಡೆ ಕತ್ತರಿಸುತ್ತೆ.”

ಅವರು ಇನ್ನೊಂದನ್ನು ತೆಗೆದುಕೊಂಡರು. ಸಡಿಲವಿದ್ದ ಅಂಚಿನಿಂದ ಶುರುಮಾಡಿ ಸುತ್ತಲೂ ಬಿಡಿಸಿದರು. ನಡುವೆ ಮಾತ್ರ ಗಟ್ಟಿಯಾಗಿ ಹಿಡಿದಿತ್ತು. ಅಲ್ಲಿ ಕತ್ತರಿಯಿಂದ ಎಲೆಯನ್ನೇ ಕತ್ತರಿಸಿ, ಬೆನ್ನಿಗೊಂದು ಹಸಿರು ತುಣುಕು ಹೊತ್ತ ಹೋಳಿಗೆಯನ್ನು ಇಡಿಯಾಗಿ ಎತ್ತಿದರು.

“ಎಲೆ ಹೋದರೆ ಹೋಗಲಿ. ನಡಿ, ಸಾಕಮ್ಮ ಕಾಯ್ತಿದಾಳೆ.”

ಆಪರೇಷನ್ ನಡುವೆ ಮಂದಾಕಿನಿಯ ಕೈ ನಿಂತಿತು.

“ಅಮ್ಮ, ಇಲ್ಲಿ ಬಿಡ್ತಿಲ್ಲ.”

“ಬಿಡೋ ಕಡೆ ಹೋಗು.”

ಅವಳು ಸಡಿಲವಿದ್ದ ಕಡೆಯಿಂದ ಸುತ್ತಿ ಬಂದಳು. ಗಟ್ಟಿಯಾಗಿ ಅಂಟಿದ್ದ ಜಾಗ ಹಣೆಯ ಬೊಟ್ಟಿನಷ್ಟೇ ಉಳಿಯಿತು. ಅಲ್ಲಿ ಕರುಳು ಬಿಟ್ಟು ಹೊಟ್ಟೆಯ ಗೋಡೆಯ ಕಡೆಗೇ ಕತ್ತರಿ ಹಾಕಿದಳು. ಗೋಡೆಯ ಒಂದು ಚೂರನ್ನು ಹೊತ್ತು ಕರುಳು ಇಡಿಯಾಗಿ ಬಿಟ್ಟುಕೊಂಡಿತು. ಎಲ್ಲಾದರೂ ತೂತಾಗಿದೆಯೇ ಎಂದು ಉದ್ದಕ್ಕೂ ಸವರಿ ನೋಡಿದಳು. ಇರಲಿಲ್ಲ.

ಆ ಹುರುಪಿನಲ್ಲಿ, ಪಕ್ಕದಲ್ಲಿ ಸುಮ್ಮನೆ ಅಂಟಿಕೊಂಡಿದ್ದ ಕರುಳಿನ ಇನ್ನೊಂದು ಸುರುಳಿಗೂ ಕತ್ತರಿ ಒಯ್ದಳು. ಸುಭದ್ರಮ್ಮ ಅವಳ ಮಣಿಕಟ್ಟು ಮುಟ್ಟಿದರು.

“ಅದು ಯಾರ ದಾರಿ ಕಟ್ಟಿದೆ?”

“ಯಾರದೂ ಇಲ್ಲ.”

“ಮತ್ತೆ? ಅದರ ಪಾಡಿಗೆ ಇರಲಿ.”

ಮೂರನೆಯ ದಿನ ಸಾಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಂದಾಕಿನಿಗೆ ಪಿಸುಗುಟ್ಟಿದಳು: “ಡಾಕ್ಟ್ರಮ್ಮ, ಗಾಳಿ ಹೋಯ್ತು.”

ದಾರಿ ತೆರೆದಿತ್ತು! “ಸಾಕಮ್ಮಂಗೆ ಗಾಳಿ ಹೋಯ್ತಂತೆ!” ಎಂದು ಇಡೀ ಆಶ್ರಮಕ್ಕೆ ಕೇಳುವಂತೆ ಕೂಗುತ್ತ ಮಂದಾಕಿನಿ ಓಡಿಬಂದಳು.

ಸುಭದ್ರಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

“ನಿನ್ನ ಭಯ ಬಿಡ್ತಾ?”

“ಪೂರ್ತಿ ಇಲ್ಲಮ್ಮ. ಒಂದು ಚೂರು ಅಂಟಿಕೊಂಡೇ ಇದೆ.”

ಅವರು ಅವಳ ತಲೆ ನೇವರಿಸಿದರು.

“ಅದನ್ನ ಬಿಡಿಸೋಕೆ ಹೋಗಬೇಡ.”