ಹಾಡಿನೊಳಗಿನ ಒಂದು ಕೂಗು

ನಾಗಾ ಬೆಟ್ಟಸಾಲಿನ ನೆತ್ತಿಯ ಮೇಲಿನ ಊರೊಂದರಲ್ಲಿ ನೈಸಾಲಿ ಎಂಬ ಮುದುಕನಿದ್ದ. ತಮ್ಮ ಜನ ಎಲ್ಲಿಂದ ಬಂದರು ಎಂದು ಹೇಳುವ ಮೂಲದ ಹಾಡು ಅವನೊಬ್ಬನ ಬಾಯಲ್ಲಿ ಉಳಿದಿತ್ತು. ವಿಖೋ ಎಂಬ ತರುಣ ಅದನ್ನು ಅವನಿಂದ ಕಲಿಯುತ್ತಿದ್ದ.

ಆ ವರ್ಷ ಕೆಳಗಿನ ಊರಿನವರೊಡನೆ ಕಾಡಿನ ಗಡಿಗಾಗಿ ಜಗಳ ಹತ್ತಿತು. ಎರಡೂ ಊರು ಸಭೆ ಸೇರುವುದೆಂದಾಯಿತು. ಅಲ್ಲಿ ವಿಖೋ ಹಾಡಬೇಕೆಂದರು ಹಿರಿಯರು.

"ಅಜ್ಜ, ಕೆಳಗಿನವರು ನಮ್ಮ ಕುಲದವರಲ್ಲ. ಅವರ ಮಾತೇ ಬೇರೆ. ಹಾಡಿಗೆ ಹಾಗಂತ ಒಂದು ಸಾಲು ಸೇರಿಸಲೇ?"

"ಸೇರಿಸುವೆಯಂತೆ. ಮೊದಲು ಇರುವುದನ್ನು ಹೇಳು. ಹಾಡಿನಲ್ಲಿ ಬರುವ 'ಝೆಲೇ' ಅಂದರೇನು?"

"ನಮ್ಮ ಹಿರಿಯರು ಗುಹೆಯಿಂದ ಹೊರಬಂದಾಗ ಕೂಗಿದ್ದು. ಯುದ್ಧದ ಕೂಗು."

"ಅದು ನಾವು ಕೂಗುವ ರೀತಿ. ನಾನು ಕೇಳಿದ್ದು ಅರ್ಥ."

"ಅದು ಗೊತ್ತಿಲ್ಲ, ಅಜ್ಜ."

"ನನಗೂ ಗೊತ್ತಿಲ್ಲ," ಎಂದ ನೈಸಾಲಿ. "ಮೇಲಿನ ಊರುಗಳಲ್ಲೆಲ್ಲ ಕೇಳಿದ್ದೇನೆ. ಕೆಳಗೆ ಮಾತ್ರ ಕೇಳಿಲ್ಲ. ಹೋಗಿ ಬಾ."

ವಿಖೋ ಅಳುಕುತ್ತಲೇ ಬೆಟ್ಟ ಇಳಿದ. ಕೆಳಗಿನ ಊರಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಊರಬಾಗಿಲ ಕಲ್ಲಿನ ಮೇಲೆ ಸುಮ್ಮನೆ ಕುಳಿತ.

ಹೊತ್ತು ಇಳಿಯುವಾಗ ಹೆಂಗಸೊಬ್ಬಳು ಎದುರು ಮನೆಯ ಹೊಸ್ತಿಲಿಗೆ ಬಂದು, "ಝೆಲೇ!" ಎಂದು ಕೂಗಿದಳು.

ವಿಖೋ ಬೆಚ್ಚಿ ಎದ್ದು ನಿಂತ.

ಅಂಗಳದ ಮಕ್ಕಳು ಆಟ ಬಿಟ್ಟು ಒಳಗೆ ಓಡಿದವು.

ಹೆಂಗಸು ವಿಖೋನನ್ನು ತುಸು ಹೊತ್ತು ನೋಡಿದಳು. ಅವನಿಗೂ ಅದೇ ಮಾತು ಹೇಳಿದಳು, ಮೆಲ್ಲಗೆ. ಅವನು ಪಿಳಿಪಿಳಿ ನೋಡುತ್ತಿದ್ದುದನ್ನು ಕಂಡು ಕೈಯನ್ನು ಬಾಯಿಗೆ ಒಯ್ದು ತೋರಿಸಿದಳು.

ಬಿಸಿ ಅನ್ನ, ಕಳಲೆಯ ಸಾರು. ವಿಖೋ ತಲೆ ಎತ್ತದೆ ಉಂಡ.

ಮರುದಿನ ಗುರುವಿನ ಮುಂದೆ ಬಂದು ನಿಂತ. "ಊಟಕ್ಕೆ ಬನ್ನಿ ಅಂತ ಅರ್ಥ, ಅಜ್ಜ."

ನೈಸಾಲಿ ಗೋಡೆಗೆ ಒರಗಿಸಿದ್ದ ಈಟಿಯತ್ತ ನೋಡಿದ. "ಹುಡುಗನಾಗಿದ್ದಾಗಿನಿಂದ ಈಟಿ ಎತ್ತಿ ಕೂಗಿದ್ದೇನಲ್ಲೋ ಅದನ್ನ," ಎಂದ.

"ಸಭೆಯಲ್ಲಿ ಹೇಗೆ ಹಾಡಲಿ?"

"ನಿನಗೆ ಕೇಳಿಸಿದ ಹಾಗೆ."

ಸಭೆಯಲ್ಲಿ ವಿಖೋ ಹಾಡಿದ. ಹೊಸ ಸಾಲು ಸೇರಿಸಲಿಲ್ಲ. ಆ ಮಾತು ಬಂದಾಗ ಅಬ್ಬರಿಸಲಿಲ್ಲ. ಮನೆಯವರನ್ನು ಕರೆಯುವಂತೆ ಕರೆದ.

ಕೆಳಗಿನ ಊರಿನವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಮುದುಕ ಕೋಲೂರಿ ಎದ್ದ. ಅವನ ಹಿಂದೆ ಉಳಿದವರೂ ಎದ್ದರು.

ವಿಖೋ ಗಾಬರಿಯಾಗಿ ಗುರುವಿನ ಬಳಿ ಓಡಿದ. "ಅಜ್ಜ, ಅವರೆಲ್ಲ ನಮ್ಮ ಕಡೆಗೇ ಬರುತ್ತಿದ್ದಾರೆ! ಗಡಿಯ ಮಾತು ಇನ್ನೂ ಎತ್ತಿಲ್ಲ. ಈಗೇನು ಮಾಡಲಿ?"

ನೈಸಾಲಿ ಹೇಳಿದ: "ಕರೆದವನು ನೀನು. ಹೋಗು, ಅಕ್ಕಿ ತೊಳೆ."